ಭಾವನ ಡೆಕ್ಕಿನಿಂದ ಬಂದ ಸೋಲೋ

ಬಾಯಿ ತುಂಬ ಮೊಳೆ ಇಟ್ಟುಕೊಂಡು ಗಿಟಾರ್ ನುಡಿಸುವ ಮನುಷ್ಯನನ್ನು ನೋಡಬೇಕೆಂದರೆ ಫರ್ನಿಚರ್ ಬೀದಿಯ ಕೊನೆಯ ಅಂಗಡಿಗೆ ಹೋಗಬೇಕಿತ್ತು. ಅಲ್ಲಿ ಹಳೆಯ ಸೋಫಾಗಳಿಗೆ ಹೊಸ ಹೊಟ್ಟೆ ತುಂಬಿ ಹೊಸ ಬಟ್ಟೆ ತೊಡಿಸುವವನನ್ನು ಎಲ್ಲರೂ ಸ್ಪ್ರಿಂಗಣ್ಣ ಎಂದೇ ಕರೆಯುತ್ತಿದ್ದರು. ಬಲಗೈಯಲ್ಲಿ ಸುತ್ತಿಗೆ, ಎಡಗೈ ಬೆರಳುಗಳು ಸೋಫಾದ ಮರದ ಅಂಚಿನ ಮೇಲೆ ತಂತಿ ಒತ್ತಿದಂತೆ ಓಡಾಡುತ್ತಿದ್ದವು, ಹಲ್ಲಿನ ಸಂದಿಯಿಂದ ‘ಟ್ಯಾಂಯ್, ಟ್ಯಾಂವ್’ ಎಂಬ ಸದ್ದು. ಗಿರಾಕಿ ಬಂದು ನಿಂತರೂ ಹಾಡಿನಲ್ಲಿ ಗಿಟಾರೊಂದೇ ಮುಂದೆ ಬಂದು ನುಡಿಯುವ ಆ ಸೋಲೋ ಮುಗಿಯುವವರೆಗೆ ಮೊಳೆ ಹೊರಗೆ ಬರುತ್ತಿರಲಿಲ್ಲ. ವ್ಯಾಪಾರಕ್ಕೆ ಇದು ಒಳ್ಳೆಯ ಅಭ್ಯಾಸವೇ. ಮೊಳೆ ಕಚ್ಚಿದವನ ಜೊತೆ ಯಾರು ಚೌಕಾಸಿ ಮಾಡುತ್ತಾರೆ?

ರಾಕ್ ಹಾಡಿನಲ್ಲಿ ಹಾಡುವವನ ಬಗ್ಗೆ ಅವನಿಗೆ ಅಂಥ ಆಸ್ಥೆ ಇರಲಿಲ್ಲ. “ಹಾಡೋದು ಸೋಫಾದ ಕಾಲಿದ್ದಂಗೆ. ಇರ್ಬೇಕು, ಅಷ್ಟೆ. ಜನ ಕೂರೋದು ಸೋಲೋ ಮೇಲೆ” ಎನ್ನುತ್ತಿದ್ದ. ಎಲೆಕ್ಟ್ರಿಕ್ ಗಿಟಾರಿನ ಸೋಲೋಗಳನ್ನು ಅವನು ಗಿರಾಕಿಗಳನ್ನು ಗುರುತಿಸುವ ಹಾಗೆ ಗುರುತಿಸುತ್ತಿದ್ದ. ಒಂದು ಸೋಲೋದವನು ಒಂದೇ ಸ್ವರವನ್ನು ಹಿಡಿದು, ಸಾಲ ಕೇಳಲು ಬಂದವನಂತೆ, ಬಾಗಿಲು ಬಿಟ್ಟು ಕದಲುವುದಿಲ್ಲ. ಇನ್ನೊಂದರಲ್ಲಿ ಎರಡು ಗಿಟಾರ್‌ಗಳು ವಾರಗಿತ್ತಿಯರ ಹಾಗೆ ಒಬ್ಬರ ಮಾತಿಗೆ ಒಬ್ಬರು ಬಾಯಿ ಹಾಕುತ್ತವೆ. ಇವೆಲ್ಲ ಅವನಿಗೆ ಇಷ್ಟವೇ. ಆದರೆ ಪ್ರಾಣ ಇದ್ದದ್ದು ಮತ್ತೊಂದರಲ್ಲಿ. ಹಾಡೆಲ್ಲ ಮುಗಿದ ಮೇಲೆ ಗಿಟಾರು ಒಂಟಿಯಾಗಿ ಎದ್ದು ಮೇಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುತ್ತದೆ. ತಳ ಮುಟ್ಟಿತು ಎನ್ನುವಷ್ಟರಲ್ಲಿ ಒಂದೇ ಉಸಿರಿಗೆ ಮತ್ತೆ ಮೇಲಕ್ಕೆ ಓಟ. ಆ ಓಟದ ಅರ್ಧದಲ್ಲಿ ಸ್ಪ್ರಿಂಗಣ್ಣನ ಬೆರಳು ಯಾವಾಗಲೂ ಎಡವುತ್ತಿತ್ತು. ಊರಿನಲ್ಲಿ ಗಿಟಾರ್ ಹಿಡಿದ ಯಾರೇ ಆಗಲಿ, ಅಲ್ಲೇ ಎಡವುತ್ತಿದ್ದರು. ಅದನ್ನು ನುಡಿಸಿದವನ ಕೈಗೆ ಆರು ಬೆರಳಿರಬೇಕು ಎಂದು ಒಬ್ಬ ಕ್ಷೌರಿಕ ಆಣೆ ಮಾಡಿ ಹೇಳುತ್ತಿದ್ದ.

ಈಗ ಆ ಎಡವುವ ವಿಚಾರ ತುರ್ತಾಗಿತ್ತು. ಬೀದಿಯ ವರ್ತಕರ ವಾರ್ಷಿಕ ಕೂಟದಲ್ಲಿ ಸೋಲೋ ನುಡಿಸುವುದಾಗಿ ಸ್ಪ್ರಿಂಗಣ್ಣ ಎಲ್ಲರೆದುರು ಒಪ್ಪಿಕೊಂಡುಬಿಟ್ಟಿದ್ದ. ದಪ್ಪ ಸೂಜಿ ಎಳೆದೆಳೆದು ಬೆರಳ ಗಂಟುಗಳು ಬೆಳಗಿನ ಹೊತ್ತು ಮಡಚಲು ತಕರಾರು ತೆಗೆಯುತ್ತಿದ್ದವು. ಒಂದೇ ಒಂದು ಸಲ ಎಡವದೆ ದಾಟಬೇಕು, ಅದೂ ಈ ವರ್ಷವೇ. ಮುಂದಿನ ವರ್ಷ ಬೆರಳುಗಳು ಮಾತು ಕೇಳುತ್ತವೆ ಎನ್ನುವ ಭರವಸೆ ಅವನಿಗೆ ಇರಲಿಲ್ಲ.

“ಅಷ್ಟು ಕಷ್ಟ ಆದ್ರೆ ಬೇರೆ ಹಾಡು ನುಡಿಸ್ರಿ,” ಎಂದಳು ಹೆಂಡತಿ.

“ಬೇರೆ ಹಾಡಲ್ಲಿ ಎಡವಿದ್ರೆ ಏನು ಮರ್ಯಾದೆ? ಎಡವೋದಾದ್ರೂ ಇದರಲ್ಲೇ ಎಡವ್ಬೇಕು.”

“ಸರಿ, ಬೀಳೋಕೂ ಜಾಗ ಹುಡುಕೋರು ನೀವೊಬ್ರೇ.”

ಕೂಟಕ್ಕೆ ಕೀಬೋರ್ಡ್ ನುಡಿಸಲು ಪಕ್ಕದ ಊರಿನಿಂದ ಒಬ್ಬ ಸಂಗೀತದ ಟೀಚರನ್ನು ಕರೆಸಿದ್ದರು. ಸೋಫಾ ಅಂಗಡಿಯಲ್ಲೇ, ನಾರಿನ ಮೂಟೆಗಳ ನಡುವೆ, ಅಭ್ಯಾಸಕ್ಕೆ ಕುಳಿತರು. ಆಕೆ ಮೊದಲ ಸ್ವರ ಒತ್ತಿದಳು, ಇವನು ತಂತಿ ಮೀಟಿದ. ಎರಡೂ ಸೇರಿದಾಗ ಕೇಳಿದ್ದು ಸಂಗೀತವಲ್ಲ, ಬೆಕ್ಕಿನ ಬಾಲ ತುಳಿದ ಸದ್ದು.

“ಅಣ್ಣಾ, ನಿಮ್ಮ ಗಿಟಾರು ಅರ್ಧ ಸ್ವರ ಮೇಲಿದೆ,” ಎಂದಳು ಟೀಚರು.

“ಇಲ್ಲಮ್ಮ, ನಿಮ್ಮ ಪೆಟ್ಟಿಗೆ ಕೆಳಗಿದೆ. ನಾನು ಕ್ಯಾಸೆಟ್ ಹಾಕ್ಕೊಂಡೇ ಶ್ರುತಿ ಮಾಡೋದು.”

“ಇಷ್ಟು ಬಿಗಿ ಮಾಡಿದ್ರೆ ತಂತಿ ಪದೇ ಪದೇ ಕಡೀತವಾ?”

ಕಡಿಯುತ್ತಿದ್ದವು. ಊರಿನಲ್ಲಿ ಎಲ್ಲರ ತಂತಿಯೂ ಕಡಿಯುತ್ತಿತ್ತು. ತಂತಿಯ ಗುಣವೇ ಅದು, ಮೊಟ್ಟೆ ಒಡೆದ ಹಾಗೆ ತಂತಿ ಕಡಿಯುತ್ತದೆ ಎಂದು ಅವರೆಲ್ಲ ನಂಬಿದ್ದರು. ಟೀಚರು ಫೋನ್ ತೆಗೆದು ಅದೇ ಹಾಡು ಹಾಕಿದಳು. ಸೋಲೋ ತಗ್ಗಿದ ಸ್ವರದಲ್ಲಿ, ಊಟವಾದ ಮೇಲೆ ಮೆಟ್ಟಿಲಿಳಿಯುವವನಂತೆ ಬಂತು.

“ಫೋನಲ್ಲಿ ಹಿಂಗೇ,” ಎಂದ ಸ್ಪ್ರಿಂಗಣ್ಣ ಸಮಾಧಾನದಿಂದ. “ನಮ್ಮೂರಲ್ಲಿ ನೆಟ್‌ವರ್ಕ್ ನಿಧಾನ.”

ಇದು ಅವನೊಬ್ಬನ ಅಭಿಪ್ರಾಯವಲ್ಲ, ಊರ ತೀರ್ಮಾನ. ಟೀಚರು ಒಂದು ನಿಮಿಷ ಅವನ ಮುಖ ನೋಡಿದಳು, ತಮಾಷೆಯೋ ನಿಜವೋ ತಿಳಿಯದೆ. ಆಮೇಲೆ ಮೆಲ್ಲಗೆ ಕೇಳಿದಳು: “ಕ್ಯಾಸೆಟ್ ಎಲ್ಲಿಂದ ಬಂತು?”

ಬಂದದ್ದು ಎದುರು ಸಾಲಿನಿಂದ. ಸ್ಪ್ರಿಂಗಣ್ಣನ ಹೆಂಡತಿಯ ಅಣ್ಣ ಅಲ್ಲಿ ಹಿಂದೆ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುವ ಅಂಗಡಿ ಇಟ್ಟಿದ್ದ. ಇಡೀ ಬೀದಿಗೆ ಅವನು ಭಾವ. ಊರಿಗೆ ರಾಕ್ ಸಂಗೀತ ಬಂದದ್ದು ಅವನ ಒಂದೇ ಟೇಪ್ ಡೆಕ್ಕಿನಿಂದ. ಸುದ್ದಿ ಕೇಳಿ ಭಾವ ಮೂಲ ಕ್ಯಾಸೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಹೊಟ್ಟೆಯನ್ನು ಮುಂದೆ ಬಿಟ್ಟುಕೊಂಡು ಬಂದ.

“ನನ್ನ ಮಾಲಿನ ಮೇಲೆ ಅನುಮಾನವಾ? ಒಂದೊಂದು ಕಾಪೀನೂ ಕಿವಿ ಕೊಟ್ಟು ಕೇಳಿ ಕೊಟ್ಟಿದ್ದೀನಿ.”

“ಯಾವುದರಲ್ಲಿ ಕೇಳ್ತಿದ್ರಿ?” ಎಂದಳು ಟೀಚರು.

“ಯಾವುದರಲ್ಲಿ ಅಂದ್ರೆ? ತುಂಬಿದ ಡೆಕ್ಕಲ್ಲೇ. ಮೂಲ ಹಾಡ್ಸೋಕೆ ಬೇರೆ ಪ್ಲೇಯರ್ ಇತ್ತು, ತುಂಬೋ ಡೆಕ್ಕು ಇನ್ನೊಂದು ಯಾವನ ಹತ್ರ ಇತ್ತು?”

ಸ್ಪ್ರಿಂಗಣ್ಣ ತನ್ನ ಟೇಪ್ ರೆಕಾರ್ಡರಿಗೆ ಮೂಲ ಕ್ಯಾಸೆಟ್ ಹಾಕಿದ. ಗಿಟಾರು ಫೋನಿನಲ್ಲಿ ಬಂದಂತೆಯೇ ನಿಧಾನವಾಗಿ ಇಳಿಯಿತು. ಅದನ್ನು ತೆಗೆದು ಭಾವ ತುಂಬಿಕೊಟ್ಟ ಕಾಪಿ ಹಾಕಿದ. ಗಿಟಾರು ಹಿಂದೆ ನಾಯಿ ಬಿದ್ದಂತೆ ಓಡಿತು. ಭಾವನ ಡೆಕ್ಕಿನ ಮೋಟಾರು ತುಸು ಸೋಮಾರಿ. ನಿಧಾನವಾಗಿ ತಿರುಗುತ್ತ ತುಂಬಿಕೊಂಡದ್ದು, ಅದರಲ್ಲೇ ಕೇಳಿದರೆ ಸರಿ. ಸರಿಯಾಗಿ ತಿರುಗುವ ಬೇರೆ ಯಾವುದರಲ್ಲಿ ಹಾಕಿದರೂ ಓಟ, ಓಟದ ಜೊತೆ ಸ್ವರವೂ ಅರ್ಧ ಮೇಲೆ. ತನ್ನ ತೂಕದ ಕಲ್ಲನ್ನು ತನ್ನ ತಕ್ಕಡಿಯಲ್ಲೇ ತೂಗುವ ಅಂಗಡಿಯವನಿಗೆ ಜೀವಮಾನದಲ್ಲಿ ತಪ್ಪು ಸಿಗುವುದಿಲ್ಲ. ಊರಿನ ಗಿಟಾರಿಗರೆಲ್ಲ ಬೆನ್ನಟ್ಟಿದ್ದು ಯಾವ ಮನುಷ್ಯನೂ ನುಡಿಸದ ವೇಗವನ್ನು.

“ಅಂದ್ರೆ ಆರು ಬೆರಳಿಲ್ಲ,” ಎಂದ ಸ್ಪ್ರಿಂಗಣ್ಣ.

“ಊರಿಗೆಲ್ಲ ಗಿಟಾರ್ ತಂತಿ ಮಾರಿದ್ದೂ ನಾನೇ,” ಎಂದ ಭಾವ. “ಅದಕ್ಕೇ ಅಷ್ಟು ಖರ್ಚಾಗ್ತಿತ್ತು, ನೋಡು!” ಅವನ ದನಿಯಲ್ಲಿ ಪಶ್ಚಾತ್ತಾಪಕ್ಕಿಂತ ಖುಷಿಯೇ ಹೆಚ್ಚಿತ್ತು.

ಸ್ಪ್ರಿಂಗಣ್ಣನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ಮೂಲ ಕ್ಯಾಸೆಟ್ಟನ್ನು ಮತ್ತೆ ಮತ್ತೆ ತಿರುಗಿಸಿದ. ಓಡುತ್ತಿದ್ದಾಗ ಕಾಣದಿದ್ದ ಮನುಷ್ಯ ನಡೆಯುವಾಗ ಕಾಣತೊಡಗಿದ. ಇಳಿಯುವ ಮೊದಲು ಅವನು ಸ್ವರವನ್ನು ಎಳೆದು, ಬಿಡಲೋ ಬೇಡವೋ ಎಂದು ತೂಗಾಡಿಸುತ್ತಿದ್ದ. ಮೇಲಕ್ಕೆ ಹತ್ತುವ ಓಟದ ಅರ್ಧದಲ್ಲಿ, ಎಲ್ಲರೂ ಎಡವುತ್ತಿದ್ದ ಆ ಜಾಗದಲ್ಲಿ, ಬೆರಳು ತಂತಿಯ ಮೇಲೆ ಜಾರುವ ಸಣ್ಣ ಕಿರ್‌ ಎಂಬ ಸದ್ದು.

“ಟೀಚರಮ್ಮ, ಕೇಳಿದ್ರಾ? ಅವನೂ ಅಲ್ಲಿ ತಡವರಿಸಿದ್ದಾನೆ!”

“ಹೌದಲ್ಲ! ನಾನು ಇದುವರೆಗೆ ಗಮನಿಸೇ ಇರಲಿಲ್ಲ.”

ಸ್ಪ್ರಿಂಗಣ್ಣ ತಂತಿಗಳನ್ನು ಅರ್ಧ ಸ್ವರ ಸಡಿಲಿಸಿದ. ನೋಯುವ ಬೆರಳುಗಳಿಗೆ ಅವು ಹತ್ತಿಯಂತೆ ಹಾಯೆನಿಸಿದವು.

ಕೂಟದ ಸಂಜೆ ಅವನು ನಿಧಾನವಾಗಿ ಇಳಿದ, ಎಳೆಯುವಲ್ಲಿ ಎಳೆದ, ತೂಗಾಡಿಸುವಲ್ಲಿ ತೂಗಾಡಿಸಿದ. ಓಟವನ್ನು ಒಂದು ಸ್ವರವೂ ಬೀಳದಂತೆ ದಾಟಿ ಮೇಲೆ ಹೋಗಿ ನಿಂತ. ಜೀವನದಲ್ಲಿ ಮೊದಲ ಸಲ. ತಲೆ ಎತ್ತಿ ನೋಡಿದರೆ ಸಭೆ ಶೋಕಸಭೆಯಂತೆ ಕುಳಿತಿತ್ತು. ಅಲ್ಲಿದ್ದವೆಲ್ಲ ಭಾವನ ಕ್ಯಾಸೆಟ್ಟಿನ ಮೇಲೆ ಬೆಳೆದ ಕಿವಿಗಳು.

“ಪಾಪ, ವಯಸ್ಸಾಯ್ತು,” ಎಂದ ಕಬ್ಬಿಣದ ಬೀರು ಅಂಗಡಿಯವನು, ಮೆಲ್ಲಗೆ ಹೇಳುತ್ತಿದ್ದೇನೆ ಎಂದುಕೊಂಡು.

“ಕಷ್ಟದ್ದನ್ನು ಸುಲಭ ಮಾಡ್ಕೊಂಡ, ಮೋಸ!” ಎಂದ ಕ್ಷೌರಿಕ. “ಸ್ಪ್ರಿಂಗಣ್ಣಾ, ಸರಿಯಾದ್ದು ನುಡಿಸೋ!”

ಭಾವ ಎದ್ದು ನಿಂತು ಮೋಟಾರಿನ ವಿಷಯ ವಿವರಿಸಲು ಹೊರಟ. ಮಾರಿದವನೇ ತನ್ನ ಮಾಲು ಹಾಳು ಎಂದು ಸಾರುವುದನ್ನು ಬೀದಿ ಅದುವರೆಗೆ ಕಂಡಿರಲಿಲ್ಲ. ಆದ್ದರಿಂದ ಯಾರೂ ನಂಬಲಿಲ್ಲ. “ಭಾವ, ಮೈದುನನ ಪರ ವಹಿಸ್ಬೇಡ, ಕೂತ್ಕೊ” ಎಂದರು.

ಟೀಚರು ಕೀಬೋರ್ಡಿನ ಮೇಲಿಂದ ಬಾಗಿ, “ಒಂದು ಗುಂಡಿ ಒತ್ತಿದ್ರೆ ಅರ್ಧ ಸ್ವರ ಮೇಲೆ ಹೋಗ್ತೀನಿ. ಅವರಿಗೆ ಬೇಕಾದ್ದು ಕೊಟ್ಟುಬಿಡೋಣವಾ?” ಎಂದಳು.

ಗಿರಾಕಿ ಕೇಳಿದ್ದನ್ನು ಕೊಡುವುದೇ ಬೀದಿಯ ಧರ್ಮ. ಸ್ಪ್ರಿಂಗಣ್ಣ ಒಂದು ಕ್ಷಣ ಸಭೆಯನ್ನು, ಒಂದು ಕ್ಷಣ ತನ್ನ ಬೆರಳುಗಳನ್ನು ನೋಡಿದ.

“ಬೇಡಮ್ಮ. ಇದನ್ನೇ ಇನ್ನೊಂದು ಸಲ. ಆ ಎಳೆಯೋ ಜಾಗದಲ್ಲಿ ಅವನು ಯಾಕೆ ಅಷ್ಟು ಹೊತ್ತು ನಿಲ್ತಾನೆ ಅನ್ನೋದು ನಂಗಿನ್ನೂ ಪೂರ್ತಿ ಗೊತ್ತಾಗಿಲ್ಲ.”

ಅವನು ಮತ್ತೆ ಮೊದಲಿನಿಂದ ಹಿಡಿದ. ಅರ್ಧ ಸಭೆ ಚಹಾಕ್ಕೆ ಎದ್ದಿತು. ಹೆಂಡತಿ ಕುರ್ಚಿಯನ್ನು ಮುಂದಿನ ಸಾಲಿಗೆ ಎಳೆದುಕೊಂಡು ಕುಳಿತಳು.