ಕಿಟಕಿ ಇಲ್ಲದ ವ್ಯಾನು

ಇವತ್ತು ಬೆಳಗ್ಗೆ ಟೋಸ್ಟಿನ ಪೊಟ್ಟಣ ಒಡೆದೆ. ಹುರಿದ ಮೈದಾ, ಅದರಲ್ಲಿ ಚೂರು ಯಾಲಕ್ಕಿ, ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. ನಗಬೇಡಿ. ಟೋಸ್ಟಿನ ಮೇಲೆ ಯಾರಿಗಾದರೂ ಸಿಟ್ಟು ಬರುತ್ತದೆಯೇ ಎಂದು ನೀವು ಕೇಳಬಹುದು. ನಾಲ್ಕು ವರ್ಷ ಆ ವಾಸನೆಯೊಳಗೆ ಕೂತು, ಮೊಣಕಾಲಿಗೆ ಗದ್ದ ಹಚ್ಚಿಕೊಂಡು, ವಿಜಾಪುರದಿಂದ ತಿಕೋಟಾಕ್ಕೂ ತಿಕೋಟಾದಿಂದ ವಿಜಾಪುರಕ್ಕೂ ತಿರುಗಿದ್ದರೆ ನಿಮಗೂ ಬರುತ್ತಿತ್ತು.

ಎಪ್ಪತ್ತರ ದಶಕದ ನಡುವೆ ನಮ್ಮ ಯಜಮಾನರು ಒಂದು ಸಣ್ಣ ವ್ಯಾನು ಕೊಂಡರು. ಸೊಲ್ಲಾಪುರದ ಒಂದು ಬೇಕರಿಯವರು ಪಾವು, ಟೋಸ್ಟು ಹಂಚಲು ಇಟ್ಟುಕೊಂಡಿದ್ದ ಗಾಡಿ ಅದು. ಮುಂದೆ ಇಬ್ಬರು ಕೂಡುವ ಸೀಟು, ಹಿಂದೆ ಮೂರೂ ಕಡೆ ತಗಡಿನ ಗೋಡೆ. ಕಿಟಕಿ ಎಂಬುದಿಲ್ಲ. ಪಾವಿಗೆ ಹೊರಗೆ ನೋಡುವ ಆಸೆ ಇರುವುದಿಲ್ಲವಲ್ಲ. ನಮ್ಮದು ಹಿಂಡಿ, ಹತ್ತಿಕಾಳಿನ ಅಂಗಡಿ. ವಾರವೆಲ್ಲ ದನದ ಮೇವು ಹೊರಲಿಕ್ಕೆ, ಹಬ್ಬ ಹುಣ್ಣಿಮೆಗೆ ಮನೆಯವರನ್ನು ಹೊರಲಿಕ್ಕೆ ಎಂದು ಇವರ ಲೆಕ್ಕಾಚಾರ. ಹಿಂದೆ ಎರಡು ಹಲಗೆ ಜಡಿಸಿದರು. ಗಾಡಿ ಮನೆ ಮುಂದೆ ಬಂದು ನಿಂತ ದಿನ ನಾನೇ ಆರತಿ ಬೆಳಗಿ ಕಾಯಿ ಒಡೆದೆ. ಇನ್ನು ಬಸ್ಸಿಗೆ ಕಾಯುವ ಕಾಟ ತಪ್ಪಿತು, ಗಂಡನ ಪಕ್ಕದಲ್ಲಿ ಕೂತು ತವರಿಗೆ ಹೋಗಿ ಇಳಿಯುತ್ತೇನೆ ಎಂದು ಓಣಿಯವರಿಗೆಲ್ಲ ಹೇಳಿದ್ದೆ. ಹೇಳಬಾರದಿತ್ತು.

ನಾಲ್ಕು ವರ್ಷದಲ್ಲಿ ಒಂದು ಸಲವೂ ನಾನು ಮುಂದಿನ ಸೀಟಿನಲ್ಲಿ ಕೂಡಲಿಲ್ಲ. ಅತ್ತೆ ಇದ್ದರೆ ಅತ್ತೆ. ಅತ್ತೆ ಇಲ್ಲದಿದ್ದರೆ ದಾರಿಯಲ್ಲಿ ಸಿಕ್ಕ ಯಾವನಾದರೂ ರುಮಾಲಿನ ಹಿರಿಯ. ನಮ್ಮವರಿಗೆ ಒಂದು ರೋಗವಿತ್ತು. ರಸ್ತೆಯ ಬದಿಗೆ ಕೈ ಎತ್ತಿದವರನ್ನು ಕಂಡರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಇಟ್ಟಂಗಿಹಾಳ ದಾಟುವುದರೊಳಗೆ ಆರು ಮಂದಿ, ತಿಕೋಟಾ ಬರುವುದರೊಳಗೆ ಹನ್ನೊಂದು ಮಂದಿ, ಅವರ ಕೋಳಿ, ಅವರ ಕಡಲೆ ಗಂಟು, ಒಮ್ಮೆ ಒಂದು ಹೊಲಿಗೆ ಯಂತ್ರ. ಘೋಣಸಗಿಯಲ್ಲಿ ನನ್ನ ತವರು. ಅಲ್ಲಿ ಇಳಿಯುವಾಗ ನನ್ನ ಸೀರೆಯ ಮೇಲೆ ಮತ್ತೊಬ್ಬರ ಮನೆಯ ಖಾರದ ಪುಡಿ ಇರುತ್ತಿತ್ತು.

"ಗಾಡಿ ನಮ್ದೋ, ಊರ ಮಂದೀದೋ?" ಎಂದು ಕೇಳಿದರೆ ಇವರು ತಣ್ಣಗೆ ಹೇಳುವರು, "ಕೈ ಮಾಡಿದವರನ್ನ ಬಿಟ್ಟು ಹ್ಯಾಂಗ ಹೋಗೂದು ಬೇ? ನಾಳೆ ಅವರ ಮಾರಿ ಹ್ಯಾಂಗ ನೋಡ್ಲಿ?"

ನನ್ನ ಮಾರಿ ನೋಡುವ ಚಿಂತೆ ಇವರಿಗೆ ಇರಲಿಲ್ಲ. ನಾನು ಹಿಂದೆ ಇದ್ದೆನಲ್ಲ, ಕಾಣುತ್ತಿರಲಿಲ್ಲ.

ಹಿಂದೆ ಕೂತವರಿಗೆ ಹೊರಗಿನದು ಕಾಣದು, ಮುಂದೆ ಕೂತವರಿಗೆ ಹಿಂದಿನವರು ಕಾಣರು. ನಡುವಿನ ತಗಡಿಗೆ ಅಂಗೈ ಅಗಲದ ಒಂದು ಕಿಂಡಿ, ಅದಕ್ಕೂ ಸದಾ ಯಾರದೋ ಬೆನ್ನು ಅಡ್ಡ. ಹಾಗಾಗಿ ಒಂದು ಪದ್ಧತಿ ಬೆಳೆಯಿತು. ಹಿಂದಿನವರು ತಗಡನ್ನು ಎರಡು ಸಲ ಬಡಿದರೆ ನಿಲ್ಲಿಸಬೇಕು, ಒಂದು ಸಲ ಬಡಿದರೆ ಎಲ್ಲರೂ ಹತ್ತಿದ್ದಾರೆ, ಹೊರಡಬೇಕು. ಬಸ್ಸಿನ ಕಂಡಕ್ಟರು ಮಾಡಿದ ಹಾಗೆ. ಆ ಬಡಿತ ಕೇಳಿದರೆ ಇವರು ತಿರುಗಿ ಸುದ್ದಾ ನೋಡುತ್ತಿರಲಿಲ್ಲ. ತಗಡಿನ ಮೇಲೆ ಅಂಥ ವಿಶ್ವಾಸ.

ಈಗ ನಿಮಗೆ ಆ ದಿನದ ಕಥೆ ಹೇಳಬೇಕು. ಮನೆಯಲ್ಲಿ ನೂರು ಸಲ ಹೇಳಿದ್ದೇನೆ, ಮೊಮ್ಮಕ್ಕಳು ಎದ್ದು ಹೋಗುತ್ತಾರೆ. ನೀವು ಕೂತಿರಿ.

ಮದುವೆಗೆ ಮೊದಲು ನಾನು ಶಿಕ್ಷಕಿಯರ ತರಬೇತಿ ಮುಗಿಸಿದ್ದೆ. ಮದುವೆಯಾದ ಮೇಲೆ ಆ ಸರ್ಟಿಫಿಕೇಟು ಟ್ರಂಕಿನ ತಳಕ್ಕೆ ಹೋಯಿತು. ಮಗಳಿಗೆ ಮೂರು ವರ್ಷ ತುಂಬಿದಾಗ ಬಬಲೇಶ್ವರದ ಒಂದು ಶಾಲೆಯಲ್ಲಿ ಕನ್ನಡ ಕಲಿಸುವ ಜಾಗ ಖಾಲಿ ಇದೆ ಎಂದು ಗೊತ್ತಾಯಿತು. ಒಂದೇ ಜಾಗ. ಅತ್ತೆಯನ್ನು ಒಪ್ಪಿಸಲು ನನಗೆ ಒಂದು ತಿಂಗಳು ಬೇಕಾಯಿತು. "ಇದೊಂದು ಸಲ ಹೋಗಿ ಬಾ. ಆದರ ಆತು, ಇಲ್ಲಂದ್ರ ಮತ್ತ ಇದರ ಮಾತ ತಗೀಬ್ಯಾಡ," ಎಂದರು. ಒಪ್ಪಿಕೊಂಡೆ. ಒಂದು ಸಲ ಸಾಕು ಎನ್ನಿಸಿತ್ತು. ನನ್ನ ಅಂಕಗಳ ಮೇಲೆ ನನಗೆ ಅಷ್ಟು ಸೊಕ್ಕು.

ಹನ್ನೊಂದಕ್ಕೆ ಸಂದರ್ಶನ. ಎಂಟೂವರೆಗೇ ಹೊರಟೆವು. ಊರ ಹೊರಗೆ ಒಬ್ಬ ಮುದುಕ ಕೈ ಎತ್ತಿದ, ಮುಂದಿನ ಸೀಟು ಅವನಿಗಾಯಿತು. ಮುಂದೆ ಬುಟ್ಟಿ ಹೊತ್ತ ಇಬ್ಬರು ಹೆಂಗಸರು. ಆಮೇಲೆ ಬಸ್ಸು ತಪ್ಪಿಸಿಕೊಂಡು ನಿಂತಿದ್ದ ಒಬ್ಬ ಹುಡುಗಿ, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಹೆಸರು ರೇಣುಕಾ. ಕೈಯಲ್ಲಿ ಕಾಗದದ ಫೈಲು. ಕೇಳಿದರೆ, ಅದೇ ಶಾಲೆ, ಅದೇ ಜಾಗ, ಅದೇ ಹನ್ನೊಂದು ಗಂಟೆ. ನೋಡಿ, ನನ್ನ ಗಂಡ ನನ್ನ ಎದುರಾಳಿಯನ್ನು ನಮ್ಮದೇ ಗಾಡಿಯಲ್ಲಿ ಕರೆದೊಯ್ಯುತ್ತಿದ್ದರು. ಇರಲಿ ಎಂದು ಡಬ್ಬಿ ಬಿಚ್ಚಿ ಅವಳಿಗೆ ಶೇಂಗಾ ಹೋಳಿಗೆ ಕೊಟ್ಟೆ. ಅವಳು ಮೆಲ್ಲಗೆ, "ಅಕ್ಕಾರ, ನಿಮಗ ಎಷ್ಟ ಬಿದ್ದಾವರಿ ಮಾರ್ಕ್ಸ್?" ಎಂದಳು. ಹೇಳಿದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವಳು ಉಳಿದ ಅರ್ಧ ಹೋಳಿಗೆಯನ್ನು ತಿನ್ನದೆ ಫೈಲಿನ ಮೇಲೆ ಇಟ್ಟಳು.

ಸಾರವಾಡದಲ್ಲಿ ಗಾಡಿ ಕಾಯ್ದು ಹೊಗೆಯಾಡಿತು. ಅದು ಅದರ ಮಾಮೂಲು. "ಒಂದ ಕೊಡ ನೀರ ತಾ," ಎಂದರು ಇವರು. ಬದಿಯ ಮನೆಗೆ ಹೋಗಿ ಕೇಳಿದೆ, ಆ ಮನೆಯ ಅಜ್ಜಿ ತುಂಬಿದ ಕೊಡವನ್ನೇ ಕೊಟ್ಟಳು. ತಂದು ಕೊಟ್ಟೆ, ಇವರು ನೀರು ಹಾಕಿದರು. ಇವರ ತಲೆ ಬಾನೆಟ್ಟಿನ ಒಳಗೆ ಇರುವಾಗಲೇ ಖಾಲಿ ಕೊಡ ಮರಳಿಸಲು ಮತ್ತೆ ಹೋದೆ. ಅಲ್ಲೇ ಕೆಟ್ಟದ್ದು. "ಹೊಸ್ತಿಲಕ ಬಂದ ಮುತ್ತೈದಿ ಹಾಂಗ ಹೋಗಬಾರ್ದವಾ, ಕುಂಕುಮ ಹಚ್ಚಿಸ್ಕೊಂಡ ಹೋಗು," ಎಂದು ಅಜ್ಜಿ ಒಳಗೆ ನಡೆದಳು. ನಮ್ಮ ಕಡೆಯ ಯಾವ ಹೆಂಗಸು ಬೇಡ ಎಂದಾಳು? ಅದೂ ಒಳ್ಳೆಯ ಕೆಲಸಕ್ಕೆ ಹೊರಟಾಗ? ಅಜ್ಜಿಗೆ ಕಣ್ಣು ಮಂದ. ಕುಂಕುಮದ ಬಟ್ಟಲು ಹುಡುಕಿದಳು, ಅರಿಸಿನದ್ದು ಹುಡುಕಿದಳು, ಬಾಯಿಗೆ ಸಕ್ಕರೆ ಹಾಕಲು ಸಕ್ಕರೆ ಡಬ್ಬಿ ಹುಡುಕಿದಳು. ನಾನು ಹಣೆ ಕೆಂಪಗೆ, ಬಾಯಿ ಸಿಹಿ ಮಾಡಿಕೊಂಡು ಹೊರಗೆ ಬಂದರೆ ರಸ್ತೆಯ ಮೇಲೆ ಧೂಳು ಮಾತ್ರ ಇತ್ತು.

ಯಾರೋ ತಗಡು ಬಡಿದಿದ್ದರು. ಒಂದು ಸಲ.

ನಾನು ಕೂಗಲಿಲ್ಲ. ಕೂಗಲು ಯಾರಿದ್ದರು? ಬಿಸಿಲಲ್ಲಿ ನಡೆದೆ. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. ಎಷ್ಟೋ ಹೊತ್ತಿಗೆ ಗೊಬ್ಬರ ಹೇರಿದ ಒಂದು ಟ್ರ್ಯಾಕ್ಟರು ಬಂತು, ನಾನೂ ಕೈ ಎತ್ತಿದೆ. ಬಬಲೇಶ್ವರ ಇನ್ನೂ ದೂರವಿರುವಾಗ ರಸ್ತೆಯ ಬದಿಯಲ್ಲಿ ನಮ್ಮ ವ್ಯಾನು, ನನ್ನ ಕಡೆಗೆ ಮುಖ ಮಾಡಿ ನಿಂತಿತ್ತು. ಶಾಲೆಯ ಮುಂದೆ ಹಿಂದಿನ ಬಾಗಿಲು ತೆಗೆದಾಗ ಇವರಿಗೆ ನಾನಿಲ್ಲದ್ದು ಗೊತ್ತಾಗಿ, ಹುಡುಕಲು ತಿರುಗಿ ಬಂದಿದ್ದರಂತೆ. ಅಷ್ಟರಲ್ಲಿ ಅದು ಮತ್ತೆ ಕಾಯ್ದು ಕೂತಿತ್ತು. ಇವರ ತಲೆ ಬಾನೆಟ್ಟಿನ ಒಳಗೆ. ಗೊಬ್ಬರದ ಮೇಲಿಂದ ಇಳಿದು, ನನ್ನ ಸರ್ಟಿಫಿಕೇಟಿನ ಚೀಲ ತೆಗೆದುಕೊಂಡು, ಮತ್ತೆ ಗೊಬ್ಬರದ ಮೇಲೆ ಹತ್ತಿದೆ.

ಶಾಲೆ ಮುಟ್ಟಿದಾಗ ಸಂದರ್ಶನ ಮಾಡುವವರು ಎದ್ದು ಹೋಗಿದ್ದರು. "ನಿಮ್ಮ ಹೆಸರ ಮೂರ ಸಲ ಕರದ್ರವಾ," ಎಂದ ಗುಮಾಸ್ತ. ಆ ಜಾಗ ರೇಣುಕಾಳಿಗೆ ಸಿಕ್ಕಿತು. ಅತ್ತೆಗೆ ಕೊಟ್ಟ ಮಾತಿನಂತೆ ನಾನು ಮತ್ತೆ ಆ ವಿಷಯ ತೆಗೆಯಲಿಲ್ಲ. ಮೂವತ್ತು ವರ್ಷ ಅಂಗಡಿಯ ಗಾದಿಯ ಮೇಲೆ ಕೂತು ಹಿಂಡಿ ತೂಗಿದೆ.

ಆದರೆ ಬೈಯುವುದನ್ನು ಬಿಡಲಿಲ್ಲ. ಒಂದು ಸಲ ಇಳಿದು ಹಿಂದೆ ನೋಡಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಕೇಳದ ಹಬ್ಬವಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಇವರು ಬಾಯಿ ತೆಗೆದರೆ ಸಾಕು, ನಾನು ಸಾರವಾಡಕ್ಕೆ ಹೋಗಿ ನಿಲ್ಲುತ್ತಿದ್ದೆ. "ತಗಡ ಬಡದವರ ಯಾರು?" ಎಂದರೆ "ಯಾರೋ ಬಡದ್ರು" ಎನ್ನುವರು. ಅಷ್ಟೇ. ವ್ಯಾನು ಗುಜರಿಗೆ ಹೋದರೂ ನನ್ನ ಬೈಗುಳ ನಿಲ್ಲಲಿಲ್ಲ. ಇವರು ತಟ್ಟೆ ನೋಡುತ್ತ ಎಲ್ಲ ಕೇಳಿಸಿಕೊಳ್ಳುವರು. ಮೊಂಡು ಮನುಷ್ಯ ಎಂದುಕೊಂಡಿದ್ದೆ.

ಮೊನ್ನೆ ತಿಕೋಟಾದಲ್ಲಿ ಒಂದು ಮದುವೆ. ಊಟಕ್ಕೆ ಕೂತಾಗ ಪಕ್ಕದ ಕುರ್ಚಿಗೆ ಬೆಳ್ಳಗಿನ ಕೂದಲಿನ, ಕನ್ನಡಕದ ಹೆಂಗಸೊಬ್ಬಳು ಬಂದಳು. ನನ್ನನ್ನು ಗುರುತಿಸಿದಳು. ರೇಣುಕಾ. ಅದೇ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾಗಿದ್ದಳು. ಬಹಳ ಹೊತ್ತು ಎಲೆಯ ಮೇಲಿನ ಬದನೆಕಾಯಿಯನ್ನು ಆಚೆ ಈಚೆ ಸರಿಸಿದಳು.

"ಅಕ್ಕಾರ, ಅವತ್ತ ತಗಡ ಬಡದಾಕಿ ನಾನರಿ," ಎಂದಳು. "ನೀವು ಕೊಡ ತಗೊಂಡ ಹೋಗಿದ್ದ ಹಿಂದಿನ ಬಾಗಲದಾಗಿಂದ ನೋಡಿದ್ದೆ. ನೋಡೇ ಬಡದೆ."

ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದೆ. ಅಷ್ಟು ಮಂದಿಯ ನಡುವೆ ನನ್ನ ಬಾಯಿಂದ ಬಂದದ್ದು, "ಈಗ ಹೇಳಾಕತ್ತೀಯಲ್ಲ?" ಎಂಬುದೊಂದೇ.

"ಅವಾಗ ಹೇಳಿದ್ದೆರಿ. ನೌಕರಿಗೆ ಹಾಜರಾಗೂ ಮೊದಲ ನಿಮ್ಮ ಅಂಗಡಿಗೆ ಬಂದು ನಿಮ್ಮ ಯಜಮಾನರಿಗೆ ಹೇಳಿದ್ದೆ. ಈ ಜಾಗಾ ಬ್ಯಾಡ ನನಗ, ಶಾಲಿಯವರಿಗೆ ಎಲ್ಲಾ ಹೇಳ್ತೀನಿ ಅಂದೆ. ಅವರ ಬಿಡಲಿಲ್ಲ. 'ನೀ ನೌಕರಿ ಮಾಡವಾ, ಮನ್ಯಾಗಿನ ಬೈಗಳ ನಾ ತಿಂತೀನಿ' ಅಂದ್ರು."

ಮನೆಗೆ ಬಂದೆ. ಇವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಊಟ ಹೇಗಿತ್ತು ಎಂದು ಕೇಳಿದರು. ರೇಣುಕಾ ಸಿಕ್ಕಿದ್ದಳು, ಎಲ್ಲ ಹೇಳಿದಳು ಎಂದೆ. ಪೇಪರು ಮಡಚಿದರು. ಮುಖದಲ್ಲಿ, ನೋಡಿ, ಒಂದಿಷ್ಟು ಸಮಾಧಾನವಿತ್ತು. ಕೊನೆಗೂ ನನ್ನ ಒಳ್ಳೆಯತನ ಇವಳಿಗೆ ತಿಳಿಯಿತು ಎಂಬಂಥದ್ದು.

"ಆಕಿ ನೌಕರಿ ಉಳಸಾಕ ನಲವತ್ತೈದ ವರ್ಷ ನನ್ನ ಬೈಗಳ ತಿಂದ್ರಿ," ಎಂದೆ. "ಆಕಿ ತಾನ ಆ ಜಾಗಾ ಬಿಡ್ತೀನಿ ಅಂದಿದ್ಲು. ಅದು ನನಗ ಬರ್ತಿತ್ತೇನೋ. ನನ್ನ ನೌಕರಿ ಹೋದದ್ದಕ್ಕ ಏನ ತಿಂದ್ರಿ?"

ಇವರು ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಳ್ಳಲಿಲ್ಲ.

"ಅದರ ವಿಚಾರನ ಬರಲಿಲ್ಲ ನನಗ," ಎಂದರು.

ಸುಳ್ಳು ಹೇಳಲಿಲ್ಲ, ಅದನ್ನು ಒಪ್ಪಬೇಕು. ಜಗಳಕ್ಕೆ ತಯಾರಾಗಿ ಬಂದಿದ್ದೆ, ಆ ಮಾತು ಕೇಳಿದ ಮೇಲೆ ಬೈಯಲು ಬಾಯಿಯೇ ಬರಲಿಲ್ಲ. ಇವತ್ತಿಗೆ ನಾಲ್ಕು ದಿನವಾಯಿತು. ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತೇನೆ, ಔಷಧ ಕೊಡುತ್ತೇನೆ. ಇವರು ಅಡಿಗೆಮನೆಯಿಂದ ಅಂಗಳಕ್ಕೂ ಅಂಗಳದಿಂದ ಅಡಿಗೆಮನೆಗೂ ನನ್ನ ಹಿಂದೆ ಹಿಂದೆ ತಿರುಗುತ್ತಿದ್ದಾರೆ.

"ಏನರೆ ಅನ್ನು ಬೇ," ಎನ್ನುತ್ತಾರೆ. "ಹಿಂಗ ಸುಮ್ನ ಇರಬ್ಯಾಡ. ಒಂದ ಸಲ ಬೈದ ಬಿಡು."

ನಾನು ಏನೂ ಅನ್ನುತ್ತಿಲ್ಲ.