ಕಲ್ಲು ಐತೆ, ಜೀಪಿಲ್ಲ

ನಮ್ಮ ಜೀಪಿಗೆ ಹ್ಯಾಂಡ್‌ಬ್ರೇಕ್ ಇರಲಿಲ್ಲ, ಸೆಲ್ಫ್ ಕೆಲಸ ಮಾಡುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಯಸಳೂರು ಕಡೆಯ ಸಣ್ಣ ತೋಟದವರ ಜೀಪಿಗೆ ಇವೆರಡೂ ಇರಬೇಕೆಂದು ಯಾರೂ ಬಯಸುತ್ತಲೂ ಇರಲಿಲ್ಲ. ಎಲ್ಲಿಗೆ ಹೋದರೂ ಇಳಿಜಾರು ಹುಡುಕಿ, ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡುವುದು. ಹೊರಡುವಾಗ ಕಲ್ಲು ತೆಗೆದು ಜೀಪಿಗೆ ಹಾಕಿಕೊಂಡು, ಗಾಡಿ ಉರುಳತೊಡಗಿದ ಮೇಲೆ ಗೇರಿಗೆ ಹಾಕಿ ಸ್ಟಾರ್ಟ್ ಮಾಡುವುದು. ನೆಂಟರ ಮನೆಗೆ ಹೋದರೆ ಅವರು ಕಾಫಿ ಕೊಡುವ ಮೊದಲು ಇಳಿಜಾರು ತೋರಿಸುತ್ತಿದ್ದರು.

ಸಿಕ್ಕ ಕಲ್ಲೆಲ್ಲ ಈ ಕೆಲಸಕ್ಕೆ ಬರುವುದಿಲ್ಲ. ನನ್ನ ಜೀಪಿನ ಕಲ್ಲನ್ನು ನಾನೇ ಹೇಮಾವತಿ ಹೊಳೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಆರಿಸಿ ತಂದಿದ್ದೆ. ಅಡಿ ಚಪ್ಪಟೆ, ಮೇಲೆ ಚಕ್ರ ಕೂರುವಷ್ಟು ತಗ್ಗು. ಹೆಂಡತಿ ಅದನ್ನು ನಿಮ್ಮ ಮನೆದೇವರು ಎನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅವಳ ತಮ್ಮನಿಗೆ ಒಂದು ದಿನದ ಮಟ್ಟಿಗೆ ಜೀಪು ಬೇಕಾಯಿತು. ನನ್ನ ಈ ಭಾಮೈದ ನಮ್ಮೂರಲ್ಲೇ ಹಳ್ಳದಾಚೆ ಮನೆ ಮಾಡಿಕೊಂಡಿದ್ದ. ಮಾತು ಕಮ್ಮಿ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ನಾಯಿ ಕಟ್ಟಿಹಾಕು ಎಂದರೆ ಕಟ್ಟುತ್ತಿದ್ದ, ಇನ್ನೊಬ್ಬರು ಬಂದು ಬಿಚ್ಚು ಎನ್ನುವವರೆಗೆ ನಾಯಿ ಅಲ್ಲೇ. ಹುಡುಗ ಮಂಕು ಎಂದು ಬಂದ ಸಂಬಂಧಗಳೆಲ್ಲ ಹಿಂದಕ್ಕೆ ಹೋಗಿದ್ದವು. ವಯಸ್ಸು ಮೂವತ್ತು ದಾಟಿತ್ತು. ಕೊನೆಗೆ ಕುಂದೂರು ಕಡೆಯ ಹುಡುಗಿಯೊಬ್ಬಳು ಇವನನ್ನು ಒಪ್ಪಿದಳು. ಅವಳನ್ನು ನೋಡಿ ಬಂದಾಗಿನಿಂದ ಇವನು ಒಬ್ಬನೇ ಇದ್ದಾಗಲೂ ನಗುತ್ತಿದ್ದ. ಇನ್ನು ಹುಡುಗಿಯ ಅಪ್ಪ ಒಪ್ಪಬೇಕಿತ್ತು. ಅವರು ತಮ್ಮ ಅಕ್ಕನನ್ನು ಕರೆದುಕೊಂಡು ಅವತ್ತು ಮನೆ ನೋಡಲು ಬರುವವರಿದ್ದರು. ಸಕಲೇಶಪುರದ ಬಸ್‌ಸ್ಟ್ಯಾಂಡಿನಿಂದ ಅವರನ್ನು ಕರೆತರಬೇಕಿತ್ತು. ಮೆಣಸು ಕೊಯ್ಯಲು ಆಳುಗಳು ಬಂದಿದ್ದರಿಂದ ನಾನು ಹೋಗುವ ಹಾಗಿರಲಿಲ್ಲ.

“ಹುಷಾರು ಕಣೋ. ಜೀಪ್ ಹೋದ್ರೂ ಹೋಗ್ಲಿ, ಕಲ್ಲು ಮಾತ್ರ ಕಳೀಬೇಡ” ಎಂದು ಕುಟುಕಿ ಕಳಿಸಿದೆ.

“ಆಗ್ಲಿ ಭಾವ” ಎಂದು ಅವನು ಗಂಭೀರವಾಗಿ ತಲೆಯಾಡಿಸಿದ.

ಬಿಸಿಲೇರುವ ಹೊತ್ತಿಗೆ ಮನೆಯ ಫೋನು ಹೊಡೆದುಕೊಂಡಿತು. ಅವನೇ, ಎಸ್‌ಟಿಡಿ ಬೂತಿನಿಂದ.

“ಭಾವ, ಕಲ್ಲು ಐತೆ, ಜೀಪಿಲ್ಲ.”

“ಏನಂದೆ?”

“ಕಲ್ಲು ನನ್ನ ಹತ್ರಾನೇ ಐತೆ, ಗಾಬರಿ ಆಗ್ಬೇಡಿ. ಜೀಪು ಪೊಲೀಸ್ರು ಎಳ್ಕೊಂಡು ಹೋಗ್ಬುಟ್ರು.”

ಬಿಡಿಸಿ ಬಿಡಿಸಿ ಕೇಳಿದಾಗ ವಿಷಯ ತಿಳಿಯಿತು. ಬಸ್‌ಸ್ಟ್ಯಾಂಡಿನ ಹತ್ತಿರ ಇವನಿಗೆ ಒಪ್ಪುವಂಥ ಇಳಿಜಾರು ಸಿಕ್ಕಿದ್ದು ಪ್ರವಾಸಿ ಮಂದಿರದ ಗೇಟಿನ ಮುಂದೆ. ಅವತ್ತು ಅಲ್ಲಿಗೆ ಯಾರೋ ಮಂತ್ರಿಗಳು ಬರುವವರಿದ್ದರು. ಪೊಲೀಸರು ಕಲ್ಲನ್ನು ಪಕ್ಕಕ್ಕೆ ತಳ್ಳಿ, ಜೀಪಿಗೆ ಹಗ್ಗ ಹಾಕಿ, ಟ್ರ್ಯಾಕ್ಟರಿಗೆ ಕಟ್ಟಿ ಸ್ಟೇಷನ್ನಿಗೆ ಎಳೆದೊಯ್ದಿದ್ದರು. ಬೀಗರಾಗುವವರನ್ನು ಕರೆದುಕೊಂಡು ಇವನು ಬಂದು ನೋಡಿದರೆ ಚರಂಡಿಯ ಪಕ್ಕ ಕಲ್ಲೊಂದೇ ಇತ್ತು. ಅದನ್ನು ಎತ್ತಿ ಹೆಗಲಿಗಿಟ್ಟುಕೊಂಡು, ಅವರಿಬ್ಬರನ್ನೂ ನಡೆಸಿಕೊಂಡು ಸ್ಟೇಷನ್ನಿಗೆ ಹೋಗಿದ್ದ. ಜೀಪಿನ ಮಾಲೀಕರೇ ಬರಲಿ ಎಂದು ಅಲ್ಲಿ ಹೇಳಿದ್ದರು.

ಹೆಂಡತಿ ತಮ್ಮನ ಮನೆಯಲ್ಲಿ ಅಡುಗೆ ಮಾಡಲು ಹೊರಟು ನಿಂತಿದ್ದಳು. “ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಅವರೆದುರಿಗೆ ಅವನನ್ನ ಬೈಬೇಡಿ. ಇದೂ ತಪ್ಪೋದ್ರೆ ಅವನು ಇನ್ನೊಂದು ಹುಡುಗಿ ನೋಡಾಕೆ ಬರಲ್ಲ” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಹೂಂ ಎಂದು ಬಸ್ಸು ಹತ್ತಿದೆ. ಆದರೆ ಸಕಲೇಶಪುರದವರೆಗೂ ಮನಸ್ಸಿನಲ್ಲೇ ಅವನಿಗೆ ಮಂಗಳಾರತಿ ಮಾಡುತ್ತಾ ಹೋದೆ. ಒಂದೆರಡು ಬೈಗುಳ ಎಷ್ಟು ಚೆನ್ನಾಗಿ ಕೂಡಿಬಂದವೆಂದರೆ ಅವನ್ನು ಬಳಸದೆ ಬಿಡಬೇಕಲ್ಲ ಎಂದು ಹೊಟ್ಟೆ ಉರಿಯಿತು.

ಸ್ಟೇಷನ್ನಿನ ಅಂಗಳದ ಬೆಂಚಿನ ಮೇಲೆ ಮೂವರೂ ಕೂತಿದ್ದರು. ಹುಡುಗಿಯ ಅಪ್ಪ ಬಿಳಿ ಪಂಚೆಯುಟ್ಟು ಬಿಗಿದ ಮುಖದಲ್ಲಿದ್ದರು. ರೇಷ್ಮೆ ಸೀರೆಯ ಅವರ ಅಕ್ಕ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ತುದಿಯಲ್ಲಿ ಭಾಮೈದ, ಅವನ ತೊಡೆಯ ಮೇಲೆ ಕಲ್ಲು. ಹೊಸ ಅಂಗಿಯ ಹೆಗಲೆಲ್ಲ ಕೆಸರು. ಅವನು ನನ್ನನ್ನು ನೋಡಿ ಕಲ್ಲನ್ನು ಸ್ವಲ್ಪ ಎತ್ತಿ ತೋರಿಸಿದ.

ಕೆಲಸ ಕೆಟ್ಟಿತು ಎಂದುಕೊಂಡೆ. ದಫೇದಾರರು ಜೀಪಿನ ಕಾಗದ ನೋಡಿದರು, ದಂಡ ಕಟ್ಟಿಸಿಕೊಂಡರು.

“ಏನ್ರೀ, ಇಡೀ ಊರಲ್ಲಿ ನಿಲ್ಸಾಕೆ ಆ ಗೇಟೇ ಬೇಕಾಗಿತ್ತಾ?”

“ಇಳಿಜಾರು ಬೇಕಾಗಿತ್ತು ಸಾರ್. ಸೆಲ್ಫ್ ಇಲ್ಲ.”

“ಸರಿ, ತಗೊಂಡು ಹೋಗಿ.”

ಅವರು ಹೋಗಿ ಎಂದರೂ ಜೀಪು ಹೋಗಬೇಕಲ್ಲ. ಸ್ಟೇಷನ್ನಿನ ಅಂಗಳ ಕಾಫಿ ಒಣಗಿಸುವ ಕಣದ ಹಾಗೆ ಮಟ್ಟಸವಾಗಿತ್ತು. ನಾನು ದಫೇದಾರರ ಮುಖ ನೋಡಿದೆ. ಅವರು ಅಂಗಳ ನೋಡಿದರು, ಜೀಪು ನೋಡಿದರು, ಆಮೇಲೆ ಇಬ್ಬರು ಪೇದೆಗಳನ್ನು ಕರೆದರು.

ತಳ್ಳಲು ಭಾಮೈದನೂ ಎದ್ದ. ಎದ್ದವನು ಅತ್ತಿತ್ತ ನೋಡಿ, ಕಲ್ಲನ್ನು ನೆಲಕ್ಕಿಡಲು ಮನಸ್ಸಾಗದೆ, ರೇಷ್ಮೆ ಸೀರೆಯ ಮಡಿಲಿಗೆ ಇಟ್ಟುಬಿಟ್ಟ. “ಸ್ವಲ್ಪ ಇಟ್ಕಂಡಿರಿ ಅತ್ತೆ” ಎಂದ. ಆ ಹೆಂಗಸು ಬೀಸಿಕೊಳ್ಳುತ್ತಿದ್ದ ಸೆರಗು ಬಿಟ್ಟು ಎರಡೂ ಕೈಯಲ್ಲಿ ಕಲ್ಲು ಹಿಡಿದುಕೊಂಡರು. ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ.

ಹುಡುಗಿಯ ಅಪ್ಪ ಎದ್ದರು. ಬಸ್ಸಿಗೆ ಹೊರಟೇಬಿಟ್ಟರು ಎಂದುಕೊಂಡೆ. ಅವರು ಪಂಚೆ ಎತ್ತಿ ಕಟ್ಟಿ, ಜೀಪಿನ ಹಿಂದೆ ಬಂದು ಪೇದೆಗಳ ನಡುವೆ ಭುಜ ಕೊಟ್ಟರು. “ಸೆಕೆಂಡ್ ಗೇರಲ್ಲಿ ಬುಡಿ ಗೌಡ್ರೇ. ಕ್ಲಚ್ಚು ನಾನು ಹೇಳ್ದಾಗ” ಎಂದರು. ಅವರು ಹೇಳಿದಾಗ ಬಿಟ್ಟೆ. ಜೀಪು ಕೆಮ್ಮಿ, ಎಲ್ಲರ ಮೇಲೂ ಹೊಗೆ ಉಗಿದು ಸ್ಟಾರ್ಟ್ ಆಯಿತು.

ದಾರಿಯಲ್ಲಿ ಅವರು ನನ್ನ ಪಕ್ಕ ಕೂತರು. ಹಿಂದೆ ಭಾಮೈದ ಕಲ್ಲು ವಾಪಸ್ ಕೇಳಿದ್ದಕ್ಕೆ ಆ ಅತ್ತೆ, “ಇರ್ಲಿ ಬುಡಪ್ಪ, ಮನೆ ತನಕ ನಾನೇ ಇಟ್ಕಂಡಿರ್ತೀನಿ” ಎಂದದ್ದು ಕೇಳಿಸಿತು.

ಊರು ದಾಟಿದ ಮೇಲೆ ಹುಡುಗಿಯ ಅಪ್ಪ ಬಾಯಿಬಿಟ್ಟರು. “ನಿಮ್ಮ ಭಾಮೈದಂಗೆ ಮಾತು ಕಮ್ಮಿ ಗೌಡ್ರೇ.”

ಹಿಂದೆ ಬಂದ ಸಂಬಂಧದವರೆಲ್ಲ ಬೇಡವೆನ್ನುವಾಗ ಶುರು ಮಾಡುತ್ತಿದ್ದದ್ದೇ ಹೀಗೆ. ನಾನು ರಸ್ತೆ ನೋಡುತ್ತಾ ಹೂಂ ಎಂದೆ.

“ಜೀಪೇ ಇಲ್ಲ, ಕಲ್ಲು ಯಾಕಪ್ಪಾ ಹೊರ್ತೀಯ ಅಂತ ಕೇಳ್ದೆ. ಭಾವ ಕಳೀಬೇಡ ಅಂದವ್ರೆ ಅಂದ. ಅಷ್ಟೇ. ಆಮೇಲೆ ಬಿಸಿಲಲ್ಲಿ ಕೂತಿದ್ರೂ ಕೆಳಗಿಡಲಿಲ್ಲ.” ಅವರು ನನ್ನ ಕಡೆ ತಿರುಗಿದರು. “ನಾವು ಬಸ್ಸಲ್ಲಿ ಯಾಕೆ ಬಂದ್ವು ಗೊತ್ತಾ? ನಮ್ಮ ಜೀಪಿಗೂ ಹ್ಯಾಂಡ್‌ಬ್ರೇಕಿಲ್ಲ. ಹೋದ ವಾರ ನನ್ನ ಮಗ ಎಲ್ಲೋ ಕಲ್ಲು ಮರ್ತು ಬಂದು, ಇಟ್ಟಿಗೆ ಚೂರು ಕೊಟ್ಟು ನಿಲ್ಸಿದ್ದ. ಜೀಪು ಕೆರೆ ಸೇರ್ತು. ಇನ್ನೊಬ್ಬರ ಕಲ್ಲನ್ನೇ ಬೀದೀಲಿ ಬುಡದೋನು ನನ್ನ ಮಗಳನ್ನ ಬುಡ್ತಾನಾ?”

ಬಸ್ಸಿನಲ್ಲಿ ಹೊಂದಿಸಿಕೊಂಡ ಬೈಗುಳಗಳು ಒಂದೂ ನೆನಪಿಗೆ ಬರಲಿಲ್ಲ.

ಭಾಮೈದನ ಮನೆಯ ಇಳಿಜಾರಿನಲ್ಲಿ ಜೀಪು ಪೂರ್ತಿ ನಿಲ್ಲುವ ಮೊದಲೇ ಅವನು ಕೆಳಗೆ ಹಾರಿ ಕೈ ಚಾಚಿದ. ಅತ್ತೆ ಕಲ್ಲು ಕೊಟ್ಟರು. ಅವನು ಅದನ್ನು ಚಕ್ರಕ್ಕೆ ಕೊಟ್ಟು, ಕಾಲಿನಿಂದ ಒತ್ತಿ ನೋಡಿ, ನನಗೆ ತಲೆಯಾಡಿಸಿದ. ಆಮೇಲೆ ಎಲ್ಲರೂ ಇಳಿದೆವು. ಬಾಗಿಲಲ್ಲಿ ಹೆಂಡತಿ ಕಾಲು ತೊಳೆಯಲು ನೀರಿನ ಚೊಂಬು ಹಿಡಿದು, ನನ್ನ ಮುಖ ನೋಡುತ್ತಾ ನಿಂತಿದ್ದಳು.

ಹುಡುಗಿಯ ಅಪ್ಪ ಮನೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಚೊಂಬು ಇಸಿದುಕೊಳ್ಳುತ್ತಾ, “ಮನೆ ಆಮೇಲೆ ನೋಡಿದ್ರಾಯ್ತು ಕಣವ್ವ” ಎಂದರು. “ಮೊದ್ಲು ದಿನ ಗೊತ್ತು ಮಾಡಿ.”