ಗಿರಣಿಯ ಹೊಗೆಗೆ ಬಜಿ ವಾಸನೆ

ಸಾವಿನ ಮನೆಯಲ್ಲಿ ಎಣ್ಣೆ ಬಾಣಲೆ ಒಲೆಗೇರಬಾರದೆಂಬುದು ನನಗೂ ಗೊತ್ತಿತ್ತು. ಆದರೂ ಅತ್ತೆ ತೀರಿಕೊಂಡ ಐದನೆಯ ದಿನ ಶಹಾಪುರದ ನಮ್ಮ ಓಣಿಯ ತುಂಬ ಮಿರ್ಚಿ ಬಜಿ ವಾಸನೆ. ಬಂದದ್ದು ನಮ್ಮ ಮನೆಯಿಂದಲೇ, ಸುಳ್ಳು ಯಾಕೆ ಹೇಳಲಿ.

ನಿಜಾಮನ ಆಡಳಿತ ಹೋಗಿ ನಾವು ಭಾರತಕ್ಕೆ ಸೇರಿದ ಹೊಸತು. ಮನೆಗೆ ಅಂಟಿಕೊಂಡೇ ನಮ್ಮ ಹಿಟ್ಟಿನ ಗಿರಣಿ. ಅದರ ಇಂಜಿನ್ನಿಗೆ ಡೀಸೆಲ್ ಯಾದಗಿರಿಯಿಂದ ಬರಬೇಕು. ಹಳೆಯ ಉರ್ದು ಪರವಾನಗಿ ನಡೆಯುವುದಿಲ್ಲ, ಹೊಸದು ಇನ್ನೂ ಕೈಗೆ ಬಂದಿಲ್ಲ, ಹಾಗಾಗಿ ಡೀಸೆಲ್ಲೂ ಇಲ್ಲ. ಸೂತಕವೆಂದು ನಾಲ್ಕು ದಿನ ಗಿರಣಿ ಮುಚ್ಚಿದ್ದೆವು. ಐದನೆಯ ದಿನ ಹೆಂಗಸರು ಜೋಳದ ಬುಟ್ಟಿ ಹೊತ್ತು ಬಾಗಿಲಿಗೆ ಬಂದರು.

"ಹೋದವರು ಹೋದ್ರು, ನಾವ್ಯಾಕ ಉಪಾಸ ಸಾಯಬೇಕ್ರಿ?"

ಇಂಜಿನ್ ನೋಡಿಕೊಳ್ಳುತ್ತಿದ್ದ ಮಿಸ್ತ್ರಿ ಸಾಹೇಬರು ಹೋಟೆಲಿಗೆ ಹೋಗಿ ಬಜಿ ಕರಿದುಳಿದ ಎಣ್ಣೆ ತಂದರು. ಬಟ್ಟೆಯಲ್ಲಿ ಸೋಸಿ ಬಿಸಿ ಮಾಡಿಟ್ಟರು. ಟಾಂಕಿಯ ತಳದಲ್ಲಿದ್ದ ಚೂರು ಡೀಸೆಲ್‌ನಿಂದ ಇಂಜಿನ್ ಚಾಲೂ ಮಾಡಿ, ಅದು ಕಾದ ಮೇಲೆ ಈ ಎಣ್ಣೆ ಬಿಟ್ಟರು.

"ಕುಸುಬಿ ಎಣ್ಣಿ ಅಂಟ ಹಿಡೀತದ್ರಿ. ಶೇಂಗಾ ಎಣ್ಣಿ ಅವ್ವಲ್ ನಂಬರ್!"

ಸುರಪುರದಿಂದ ಬಂದಿದ್ದ ನನ್ನ ಗಂಡನ ಅಕ್ಕ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ತಾಯಿ ಹೋದಂದಿನಿಂದ ನೀರು ಬಿಟ್ಟರೆ ಬೇರೇನೂ ಮುಟ್ಟಿರಲಿಲ್ಲ. ನಮ್ಮನೆಯವರು ತಟ್ಟೆ ಹಿಡಿದು ಅತ್ತರೂ ಬಾಯಿ ತೆರೆಯಲಿಲ್ಲ. "ಅಕ್ಕನೂ ಅವ್ವನ ಹಿಂದ ಹೊಂಟಾಳ" ಎಂದು ಅವರು ನನ್ನ ಹತ್ತಿರ ಬಂದು ಹಲುಬುತ್ತಿದ್ದರು.

ಆ ಅಕ್ಕ ಅವತ್ತು ದಿಗ್ಗನೆ ಎದ್ದು ಅಡುಗೆಮನೆಗೆ ನುಗ್ಗಿದರು.

"ಏ ಹೆಣ್ಣ, ನಮ್ಮವ್ವ ಹೋಗಿ ಐದ್ ದಿನ ಆಗ್ಯಾವ. ಬಜಿ ಕರ್ಯಾಕತ್ತೀಯೇನ?"

"ಇಲ್ರೀ ಅಕ್ಕಾರ, ದೇವರಾಣಿ!"

ನಂಬಿದರೆ ಕೇಳಿ. ಒಂದೊಂದೇ ಮುಚ್ಚಳ ತೆಗೆದು ನೋಡಿದರು. ಬಾಣಲೆ ಇಳಿಸಿ ಬೆರಳಾಡಿಸಿದರೆ ಬರೀ ಧೂಳು. ಕೊನೆಗೆ ನನ್ನ ಅಂಗೈ ಮೂಸಿದರು, ಸೆರಗು ಮೂಸಿದರು. ನನಗೂ ಸಿಟ್ಟು ನೆತ್ತಿಗೇರಿತು. ಐದು ದಿನದಿಂದ ಬಂದವರಿಗೆಲ್ಲ ಚಹಾ, ನೀರು ಕೊಟ್ಟು ನನ್ನ ಸೊಂಟ ಬಿದ್ದುಹೋಗಿತ್ತು.

"ಬರ್ರಿ ಹಂಗಾರ" ಎಂದು ಕೈ ಹಿಡಿದು ಗಿರಣಿಗೆ ಎಳೆದೊಯ್ದೆ. ಮಿಸ್ತ್ರಿ ಗಾಬರಿಯಾಗಿ ಎದ್ದು ನಿಂತರು.

"ಬಾಯಾರ, ಖುದಾ ಕೀ ಕಸಮ್, ಕರ್ಯಾಕತ್ತದ್ದು ಇವರಲ್ಲ, ಈ ಇಂಜಿನ್ರಿ!"

ಅಕ್ಕ ಹೊರಗಿನ ಕೊಳವೆಯ ಹೊಗೆಗೆ ಮೂಗು ಒಡ್ಡಿದರು. ಕೆಮ್ಮಿದರು. ಮತ್ತೊಮ್ಮೆ ಒಡ್ಡಿದರು. ಬುಟ್ಟಿಯ ಹೆಂಗಸರು ನಗು ತಡೆಯಲಾರದೆ ಬಾಯಿಗೆ ಸೆರಗು ತುರುಕಿಕೊಂಡರು.

"ಒಮ್ಮಿ ಮೂಸಿದ್ದು ಸಾಲಲಿಲ್ಲೇನ್ರಿ?" ಎಂದೆ, ಸಿಟ್ಟಿನಲ್ಲೇ.

ಅಕ್ಕ ಅಲ್ಲೇ ಇದ್ದ ಜೋಳದ ಚೀಲದ ಮೇಲೆ ಕುಸಿದು ಕೂತು ಅಳತೊಡಗಿದರು. ನಾನು ನಾಲಿಗೆ ಕಚ್ಚಿಕೊಂಡೆ.

"ನಿನ್ನ ಮ್ಯಾಲಿನ ಸಿಟ್ಟಲ್ಲವ್ವಾ. ಆ ವಾಸನಿಗೆ ನನ್ನ ಬಾಯಾಗ ನೀರ್ ಬಂತು. ಹಡದಾಕಿ ಮಣ್ಣಾಗ್ಯಾಳ, ಈ ಸುಡಗಾಡ ಹೊಟ್ಟಿಗೆ ನಾಚಿಕಿ ಇಲ್ಲೇನ? ಹಸಿವಿ ಆಗ್ಯಾದ ನನಗ."

ಮನೆಗೆ ಓಡಿದೆ. ನೆರೆಮನೆಯವರು ತಂದಿಟ್ಟ ರೊಟ್ಟಿ, ಬೇಳೆ ತಂದುಕೊಟ್ಟೆ. ಇಂಜಿನ್ ದಡದಡ ಓಡುತ್ತಲೇ ಇತ್ತು, ಅಕ್ಕ ಚೀಲದ ಮೇಲೆ ಕೂತು ಅಳುತ್ತಳುತ್ತಲೇ ತಿಂದರು. ಎರಡನೆಯ ರೊಟ್ಟಿ ಮುರಿದವರು ಮೊದಲ ತುತ್ತು ನನ್ನ ಬಾಯಿಗೆ ಹಿಡಿದರು.

"ತಗೋ. ನೀನೂ ನೆಟ್ಟಗ ಉಂಡಿಲ್ಲ, ಕಾಣಸ್ತದ."

ಐದು ದಿನದಲ್ಲಿ ಅದನ್ನು ನನಗೆ ಹೇಳಿದವರು ಅವರೊಬ್ಬರೇ. ಅತ್ತೆ ಸತ್ತಾಗ ಬಾರದ ಅಳು ಆಗ ಬಂತು.